ಮೂರನೇ ಷರತ್ತು

ಬಾಡಿಗೆ ಕರಾರಿನ ಮೂರನೇ ಷರತ್ತು:
ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ.
ತಿಮ್ಮಶೆಟ್ಟರು ಅದರಡಿ ಕೆಂಪು ಗೆರೆ ಎಳೆದು
ಸಹಿಗೆ ಮುಂಚೆ ಬಾಯಲ್ಲೂ ಒಂದು ಸಲ ಹೇಳಿದರು.
ನಮ್ಮವರು ನಕ್ಕುಬಿಟ್ಟರು.
ಹಾಸನದ ಅರ್ಧ ಊರಿನ ಮೊಳೆತೂತಿಗೆ
ಪುಟ್ಟಿ ತುಂಬಿ, ಉಜ್ಜಿ, ಬಣ್ಣ ಬಳಿದ ಕೈ ಅವರದು,
ತೂತು ಎಷ್ಟು ಆಳವೆಂದು ಯಾರು ಹೇಳಿಕೊಡಬೇಕು?

ಪೆನ್ಷನ್ ಮೊಹಲ್ಲಾದ ಒಂದೂವರೆ ಕೋಣೆ.
ಗೂಡಿಲ್ಲ, ಅಟ್ಟವಿಲ್ಲ.
ಡಬ್ಬ, ಚೀಲ, ಪಾತ್ರೆಯೆಲ್ಲ ನೆಲದಲ್ಲೇ ಕೂತು
ಮದುವೆಗೆ ಎರಡು ದಿನ ಮುಂಚೆ ಬಂದ ನೆಂಟರಂತೆ
ಹೋದಲ್ಲೆಲ್ಲ ಕಾಲಿಗೆ ಸಿಕ್ಕವು.
ಒಂದು ಮಧ್ಯಾಹ್ನ ಎಡವಿ ಬಿದ್ದು
ಬಿದ್ದಲ್ಲೇ ಮಲಗಿ ಮೇಲೆ ನೋಡಿದೆ:
ತೊಲೆಯಲ್ಲೊಂದು ಕಬ್ಬಿಣದ ಕೊಂಡಿ,
ಸುಣ್ಣ ಹತ್ತಿ ಹತ್ತಿ ಸುಣ್ಣವೇ ಆದದ್ದು.

ಕರಾರಿನಲ್ಲಿ ತೊಲೆಯ ಸುದ್ದಿ ಇರಲಿಲ್ಲ.

ಅವ್ವ ನೆಲವು ಹೆಣೆಯುತ್ತಿದ್ದಳು,
ಅರಸೀಕೆರೆಯ ನಾರು ನೆನೆಸಿ, ತೊಡೆಯ ಮೇಲೆ ಹೊಸೆದು.
"ಬೆಕ್ಕಿಗೆ ಎಟುಕಬಾರದು, ಮಗೀಗೆ ಎಟುಕಬೇಕು,
ಅಷ್ಟೆತ್ತರ ಕಣೇ."
ಅದು ಹೆಂಗವ್ವ, ಎರಡೂ?
"ಬೆಕ್ಕು ಬೆಳೆಯಾಕಿಲ್ಲ, ಮಗ ಬೆಳೀತದೆ."

ನಾರು ಎಲ್ಲಿಂದ ತರಲಿ.
ನಮ್ಮವರ ಜೂಲದ ಹಗ್ಗವಿತ್ತು,
ಮೂರನೇ ಮಹಡಿಯ ಹೊರಗೆ ಅವರನ್ನು
ಆರು ವರ್ಷ ಹಿಡಿದು ಸವೆದದ್ದು.
ಮನುಷ್ಯನ ಭಾರಕ್ಕೆ ಇನ್ನು ನಂಬುವಂತಿಲ್ಲ,
ಆಲೂಗಡ್ಡೆಗೆ ಸಾಕು.

ಬಚ್ಚಲ ಹಿಂದೆ ಬಣ್ಣದ ಖಾಲಿ ಬಕೆಟ್ಟುಗಳು,
ಹತ್ತು ಲೀಟರಿನವು, ನಾಲ್ಕರವು,
ಕೂಲಿಯ ಜೊತೆ ಕೊಸರಾಗಿ ಬಂದವು.
ಉಜ್ಜಿದೆ, ಬಿಸಿಲಿಗೆ ಮಗುಚಿಟ್ಟೆ.
ಬಾಯಂಚಿಗೆ ಇಳಿದು ಒಣಗಿದ ಬಣ್ಣ ಮಾತ್ರ ಬಿಡಲೊಲ್ಲದು;
ಅದೇ ಈಗ ಗುರುತು.
ವಿದ್ಯಾನಗರದ ವಕೀಲರ ಡ್ರಾಯಿಂಗ್ ರೂಮಿನಲ್ಲಿ
ನನ್ನ ಲಂಗ, ರವಿಕೆ.
ಸಾಲಗಾಮೆ ರಸ್ತೆಯ ಡಾಕ್ಟರ ಬೆಡ್‌ರೂಮಿನಲ್ಲಿ
ಆಲೂಗಡ್ಡೆ, ಒಂದಿಷ್ಟು ಈರುಳ್ಳಿ.
ಯಾರದೋ ದೇವರ ಕೋಣೆಯ ಕೇಸರಿಯಲ್ಲಿ
ಮೋನಿಷಾಳ ಶಾಲೆ ಬೂಟು ಇಡಹೋದೆ,
"ಅಮ್ಮಾ, ಅದು ಬೇಡ" ಅಂದಳು. ಪುಸ್ತಕ ಇಟ್ಟಳು.
ಐದು ಲೀಟರಿನ ಎಣ್ಣೆ ಕ್ಯಾನಿನ ಕೆನ್ನೆ ಕೊಯ್ದು ಹುಣಸೆಹಣ್ಣು,
ಇನ್ನೊಂದರಲ್ಲಿ ಹೊಲಿಗೆಯ ದಾರ, ಗುಂಡಿ,
ಮತ್ತೊಂದರಲ್ಲಿ ಏನೂ ಇಲ್ಲ, ಇರಲಿ.

ರಾತ್ರಿ ಗೂಡ್ಸ್ ರೈಲು ಹೋಗುವಾಗ
ಊರಿನ ದೊಡ್ಡ ಮನೆಗಳೆಲ್ಲ ನಮ್ಮ ತಲೆಯ ಮೇಲೆ
ಒಂದಕ್ಕೊಂದು ತಾಗಿ
ಟೊಕ್, ಟೊಕ್ ಅನ್ನುತ್ತವೆ.

ನಾಲ್ಕನೇ ತಿಂಗಳು ಬಂದರು ತಿಮ್ಮಶೆಟ್ಟರು.
ಬಾಡಿಗೆಗೆಂದೇ ಬಂದದ್ದು, ಆದರೆ
ಗೋಡೆಗೆ ಅಂಗೈ ಸವರುತ್ತ ಸುತ್ತು ಹಾಕಿದರು,
ಬಾಗಿಲ ಸಂದಿಗೆ ಇಣುಕಿದರು,
ಕಿಟಕಿ ಸರಳಿನ ಕ್ಯಾಲೆಂಡರನ್ನೂ ಎತ್ತಿ ನೋಡಿದರು.
ಒಂದು ತೂತಿಲ್ಲ.
ತಿರುಗಿದವರ ಹಣೆಗೆ
ಡಾಕ್ಟರ ಬೆಡ್‌ರೂಮು ಮೆಲ್ಲಗೆ ಬಡಿಯಿತು.

ಬೈಗುಳಕ್ಕೆ ತಯಾರಾಗಿ ಸೆರಗು ಸಿಕ್ಕಿಸಿಕೊಂಡೆ.
ಅವರು ಹಗ್ಗದಗುಂಟ ಕಣ್ಣು ಹತ್ತಿಸಿ
ತೊಲೆಯಲ್ಲಿ ನಿಂತರು.
"ಆ ಕೊಂಡಿ ಇನ್ನೂ ಐತಾ."
ಯಾತಕ್ಕೆ ಹಾಕಿದ್ದೆಂದು ನಾನು ಕೇಳಲಿಲ್ಲ,
ಅವರೂ ಹೇಳಲಿಲ್ಲ.
ಎರಡು ಬೆರಳಿಂದ ಬಕೆಟ್ಟನ್ನು
ಒಂದು ಸಲ, ಒಂದೇ ಸಲ, ತೂಗಿದರು.
ಅದು ನಿಲ್ಲುವವರೆಗೂ ನಿಂತಿದ್ದರು.
ಆಮೇಲೆ ಬಾಡಿಗೆ ಎಣಿಸದೆ ಜೇಬಿಗಿಟ್ಟು
ಚಪ್ಪಲಿ ಮೆಟ್ಟಿದರು.

ಹನ್ನೊಂದು ತಿಂಗಳು ಕಳೆದು ಹೊಸ ಕರಾರು.
ಬಾಡಿಗೆ ಇನ್ನೂರು ಜಾಸ್ತಿ, ಅದಿರಲಿ.
ಮೊಳೆಯ ಷರತ್ತು ಇದ್ದಲ್ಲೇ ಇತ್ತು, ಕೆಂಪು ಗೆರೆಯೂ.
ಅದರ ಕೆಳಗೆ ಟೈಪಿನದಲ್ಲದ, ನಡುಗುವ ಕೈಬರಹ:
ತೊಲೆಯ ಕೊಂಡಿಗೆ ವರ್ಷಕ್ಕೊಮ್ಮೆ
ಬಾಡಿಗೆದಾರರು ಎಣ್ಣೆ ಬಿಡತಕ್ಕದ್ದು.

ನಮ್ಮವರು ಓದಿದರು. ಈ ಸಲ ನಗಲಿಲ್ಲ.
ನಾನು ಸ್ಟೂಲು ಹಿಡಿದೆ.
ಮೋನಿಷಾ ತುದಿಗಾಲಲ್ಲಿ ನಿಂತು,
ಹಾರದೆ,
ತನ್ನ ಬಕೆಟ್ಟನ್ನು ತಾನೇ ಇಳಿಸಿಕೊಂಡಳು.