ಎಪ್ಪತ್ತಾರು ದಿನ

ಮೂರನೇ ದಿನ ಮುಂಜಾನೆ ಚುಕ್ಕಿ ಎಲ್ಲಾ ಮಾಯ.
'ಆರಾಮಾತು ನೋಡ್ರಿ' ಅಂದ್ಳು ಮಹಾನಂದಾ, ಚಹಾ ಇಡ್ತಾ.
ನಾ ಗಡಿಯಾರ ನೋಡೋ ಭೂತಗನ್ನಡಿ ಕಣ್ಣಿಗೆ ಸಿಗಿಸಿ
ಗಾಜಿಗೆ ಮೂಗು ಹಚ್ಚಿ ಕುಂತಿದ್ದೆ.
ಆರಾಮಾಗಿಲ್ಲ.
ಉಂಡು ತುಂಬಿದ ಹುಳ ಮೈ ಬಿಟ್ಟು ತಳಕ್ಕ ಇಳದಾದ,
ಉಸುಕಿನಾಗ ಕೌದಿ ಹೊದ್ಕೊಂಡು
ಒಂದಿದ್ದದ್ದು ನೂರಾಗ್ಲಿಕತ್ತದ.
ಕಳ್ಳ ಮನಿ ಬಿಟ್ಟು ಹೋಗಿಲ್ಲ,
ಬಳಗ ಕರ್ಕೊಂಡು ಬರ್ಲಿಕ್ಕ ಹೋಗ್ಯಾನ.

ತಪ್ಪು ನಂದೇ.
ಹೈದರಾಬಾದಿನಿಂದ ರಾತ್ರಿ ಬಸ್ಸಿನಾಗ
ತೊಡಿ ಮ್ಯಾಲ ಇಟ್ಕೊಂಡು ತಂದಿದ್ದೆ ಆ ನೀಲಿ ಮೀನ,
ಗಾಳಿ ತುಂಬಿದ ಚೀಲಕ್ಕ ಪೇಪರ್ ಸುತ್ತಿ.
ಹುಮನಾಬಾದ್ ದಾಟಿದ ಮ್ಯಾಲ ಬಾಜೂಕಿನ ಮುದುಕ ಕೇಳ್ದ,
'ರಸಗುಲ್ಲಾ ಏನ್ರಿ?'
ಹೊಸಾದು ತಿಂಗಳತನ ಬ್ಯಾರೆ ಇಡಬೇಕು. ಗೊತ್ತಿತ್ತು.
ಅವತ್ತು ತಂಗಿ ಮಕ್ಕಳು ಬಂದಿದ್ವು,
'ಬಿಡು ಮಾಮಾ, ಬಿಡು' ಅಂದ್ವು.
ಬಿಟ್ಟೆ.
ಸೆಕೆಂಡಿನ ಮುಳ್ಳು ರಿಪೇರಿ ಮಾಡೋ ಈ ಕೈಗೆ
ಒಂದು ನಿಮಿಷ ತಾಳ್ಮಿ ಇರಲಿಲ್ಲ.

ಎರಡು ಜೋಕರ್ ಮೀನು ಸತ್ವು.
ತುಳಸಿ ಬುಡಕ್ಕ ಹುಗಿಯೋಣು ಅಂದ್ರ
'ಉಪ್ಪಿನ ಹೆಣ, ಗಿಡ ಒಣಗ್ತದ' ಅಂತ ಕೈ ಹಿಡಿದ್ಳು.
ಉಳಿದ ಮೂರು ಬಚ್ಚಲ ಬಾಜೂಕ ಟಬ್ಬಿನಾಗ,
ಅಡಗಲಿಕ್ಕ ಪೈಪಿನ ತುಂಡು, ಗಾಳಿ ಪಂಪು,
ಹನಿ ಹನಿ ತಾಮ್ರ.
ಕೂದಲೆಳಿ ಕಡಿಮಿ ಆದ್ರ ಹುಳ ನಗ್ತಾವ,
ಕೂದಲೆಳಿ ಹೆಚ್ಚಾದ್ರ ಮೀನು ತೇಲ್ತಾವ.
ದಿನಾ ಸಂಜಿ ಗಾಜಿನ ನಳಿಗಿಯೊಳಗ ಬಣ್ಣ ನೋಡ್ತೀನಿ
ಬಾಲ್ ಕಮಾನಿ ಕೂಡಿಸ್ದಂಗ, ಉಸಿರು ಹಿಡಿದು.

ದೊಡ್ಡ ಪೆಟ್ಟಿಗಿ ಖಾಲಿ. ಒಂದು ಸಿಗಡಿ, ಎರಡು ಬಸವನಹುಳ.
ಮರಿ ಹುಳ ಈಜಿ ಈಜಿ ಮೀನು ಸಿಗದೆ ಸಾಯಬೇಕು,
ಕಡೇ ಗೂಡು ಒಡೆಯೋತನ ಎಪ್ಪತ್ತಾರು ದಿನ.
ಲೈಟ್ ಬಿಲ್ ಹಿಡ್ಕೊಂಡು ಮಹಾನಂದಾ,
'ಯಾರಿಲ್ಲದ ಮನಿಗಿ ದೀಪ ಹಚ್ಚೀರಲ್ಲ!'
ಕಲಬುರಗಿ ಮೇ ತಿಂಗಳು, ಹೊರಗ ನಲವತ್ನಾಲ್ಕು.
ದಿನಕ್ಕ ಒಂದು ಬೆರಳು ನೀರು ಗಾಳಿ ಕುಡೀತದ,
ಉಪ್ಪು ಮಾತ್ರ ಅಲ್ಲೇ ಉಳೀತದ.

ಟಬ್ಬು ಮುಟ್ಟಿದ ಕೈ ಪೆಟ್ಟಿಗಿ ಮುಟ್ಟಬಾರ್ದು.
ಬ್ಯಾರೆ ಮಗ್ಗು, ಬ್ಯಾರೆ ಜಾಳಿಗಿ, ಬ್ಯಾರೆ ಅರಿವಿ.
ಗುರ್ತಿಗೆ ಟಬ್ಬಿನ ಮಗ್ಗಿಗೆ ಕೆಂಪು ಬಣ್ಣ ಹಚ್ಚಿದ್ದೆ.
ಅಪ್ಪ ಸಾಯಬಣ್ಣ, ಶಹಾಬಾದಿನ ಖಣಿಯೊಳಗ
ನಲವತ್ತು ವರ್ಷ ಫರ್ಸಿ ಎಬ್ಬಿಸಿದಾಂವ,
ಮಗ್ಗು ಎತ್ತಿ ತಿರುವಿ ನೋಡ್ದ.
'ಹೋಟೆಲಿನಾಗ ನಮ್ಮ ಕಪ್ಪಿಗೂ ಹಿಂಗೇ ಇತ್ತು' ಅಂದ.
ಆಮ್ಯಾಲ, 'ಇವಕ್ಕೆಷ್ಟು ದಿನ?'
'ಎಪ್ಪತ್ತಾರು.'
'ದಿನ ಹೇಳ್ಯಾರಲ್ಲ. ಚಲೋ ಆತು.'
ಮಗ್ಗು ಇದ್ದಲ್ಲೇ ಇಟ್ಟ.

ರಾತ್ರಿ ಬ್ಲೇಡಿನಿಂದ ಆ ಕೆಂಪು ಕೆರೆದು ತೆಗೆದೆ.
ಮುಂಜಾನೆ ಎದ್ರ ಯಾವ ಮಗ್ಗು ಯಾವುದಂತ ತಿಳೀಲಿಲ್ಲ.
ಎರಡೂ ಒಗದು ಹೊಸಾವ ತಂದೆ,
ಒಂದು ಹಳದಿ, ಒಂದು ಹಸರು.

ಈಗ ಮಧ್ಯಾಹ್ನ ಅಪ್ಪ ಖಾಲಿ ಪೆಟ್ಟಿಗಿ ಮುಂದ ಕೂಡ್ತಾನ.
'ಕಲ್ಲು ಎಬ್ಬಿಸಿದ್ರ ಒಮ್ಮೊಮ್ಮೆ ಕೆಳಗ
ತೆರಿ ತೆರಿ ಗೆರಿ ಇರ್ತಿದ್ವು, ಈ ಉಸುಕಿನಂಗ.
ಪಾಲಿಶ್ ಕೂಡಂಗಿಲ್ಲ ಒಗಿ ಅಂತಿದ್ದ ಮುಕಾದಮ.'
ಸಿಗಡಿ ಮೀಸಿ ಅಳ್ಳಾಡಿಸ್ತದ.
ಯಾವ ಸಮುದ್ರದ್ದೋ ಆ ಕಲ್ಲು,
ಅದರ ಮ್ಯಾಲೇ ಕಾಲು ಚಾಚಿ ಕುಂತಾನ.

ಇವತ್ತಿಗೆ ನಲವತ್ತೊಂದು.
ಲೆಕ್ಕ ಈಗ ಅಪ್ಪಂದು,
ಪೆಟ್ಟಿಗಿ ಬುಡಕ್ಕ ಫರ್ಸಿ ಮ್ಯಾಲ ಖಡುವಿನ ಗೀಟು,
ಐದೈದಕ್ಕ ಒಂದು ಅಡ್ಡ.
ಮಹಾನಂದಾ ಏನೂ ಅನ್ನಂಗಿಲ್ಲ.
ಅಷ್ಟು ಜಾಗಾ ಬಿಟ್ಟು
ನೆಲ ಒರಸ್ತಾಳ.