ಎರಡು ಮುಚ್ಚಳ ಅರಿಷ್ಟ

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಅರಸೀಕೆರೆ ಡಿಪೋ.
ಗೇಟಿನ ಪಕ್ಕ ಒಂದು ಮೇಜು, ಒಂದು ರಿಜಿಸ್ಟರು,
ಬಿಸ್ಕತ್ತಿನ ಡಬ್ಬಿ ತುಂಬ ಬಿಳಿ ಪ್ಲಾಸ್ಟಿಕ್ಕಿನ ಪೀಪಿ,
ನನ್ನ ಕೈಯಲ್ಲಿ ಯಂತ್ರ.
‘ಊದಿ’ ಅಂತೀನಿ.
ಊದುತ್ತಾರೆ.

ಇವರ ಮನೆಗಳ ಹೊಸ್ತಿಲು ನಾನು ಕಂಡವಳಲ್ಲ.
ಆದರೂ ಗೊತ್ತು, ಜಾವಗಲ್ ರೂಟಿನವನ ಮನೆಯಲ್ಲಿ
ರಾತ್ರಿ ಹುರುಳಿಯ ಬಸ್ಸಾರು.
ಬಾಣಾವರದವನಿಗೆ ಹುಳುಕು ಹಲ್ಲು, ಲವಂಗ ಒತ್ತಿಕೊಂಡಿದ್ದಾನೆ.
ಸಹರಿ ಮುಗಿಸಿ ಓಡಿ ಬಂದ ಬಾಬಾಜಾನನ ಉಸಿರಿಗೆ ಖರ್ಜೂರ.
ಏಲಕ್ಕಿ ಜಗಿಯುತ್ತ ಬಂದವನ ಮೇಲೆ ಮಾತ್ರ
ಕಣ್ಣು ಒಂದಿಷ್ಟು ಜಾಸ್ತಿ.

ಸೊನ್ನೆ. ಬರೆದುಕೊಂಡೆ. ಸೊನ್ನೆ. ಸೊನ್ನೆ.
ನನ್ನ ಮಗಳು ಗಣಿತದಲ್ಲಿ ತಂದು ಅತ್ತು ಕರೆದ ಅಂಕಿಗೆ
ನನಗಿಲ್ಲಿ ಸಂಬಳ.

ಯಂತ್ರ ಬಂದದ್ದು ಈಚೆಗೆ. ಕೆಲಸ ಹಳೆಯದು.
ಹದಿನಾರು ವರ್ಷ ಊದಿಸದೆಯೇ ಅಳೆದಿದ್ದೇನೆ ಒಬ್ಬನನ್ನು:
ಕೈ ಚಿಲಕವನ್ನು ಎಷ್ಟು ಸಲ ತಡಕಿತು,
ಚಪ್ಪಲಿ ಜೋಡಿಯಾಗಿ ಬಿತ್ತೋ, ಒಂದೊಂದೇ ಬಿತ್ತೋ,
ನನ್ನ ಹೆಸರನ್ನು ಪೂರ್ತಿ ಕರೆದನೋ, ಅರ್ಧವೋ.
ಅರ್ಧ ಕರೆದ ರಾತ್ರಿ, ಮಗುವನ್ನೆತ್ತಿಕೊಂಡು
ಹಿತ್ತಿಲ ಬಾಗಿಲಿಂದ ಪಕ್ಕದ ಮನೆಗೆ.
ಆ ರಿಜಿಸ್ಟರಿಗೆ ಯಾರೂ ಸಹಿ ಹಾಕಲಿಲ್ಲ.
ಇರಲಿ, ಅದು ಬೇರೆ.

ಇವತ್ತು ಹೊನ್ನಪ್ಪ ಊದಿದ.
ಮೂವತ್ತೊಂದು.
ಯಂತ್ರ ಕಿರುಚಿಕೊಂಡಿತು, ಗಿರಣಿಯ ಬೆಲ್ಟು ಹರಿದ ಹಾಗೆ.
ಹಿಂದಿನ ಸಾಲು ಗಪ್ಪಾಯಿತು.
ಇಪ್ಪತ್ತೆರಡು ವರ್ಷದ ಸರ್ವೀಸು,
ಮದುವೆ ಮನೆಯಲ್ಲಿ ಪಾನಕವನ್ನೂ ಮೂಸಿ ಕುಡಿಯುವ ಮನುಷ್ಯ.
‘ಜಯಶೀಲಕ್ಕಾ, ಸೊಂಟನೋವಿಗೆ ಅರಿಷ್ಟ, ಎರಡೇ ಮುಚ್ಚಳ,
ಹೊರಡೋವಾಗ ಕೊಟ್ಟಳು...’
ಕೊಟ್ಟವಳ ಮೇಲೆ ತಪ್ಪು ಹೋದೀತೆಂದು
ಉಳಿದ ಮಾತನ್ನು ಅಲ್ಲೇ ನುಂಗಿದ.

ಬಾಯಿ ಮುಕ್ಕಳಿಸಬೇಕು. ಹದಿನೈದು ನಿಮಿಷ ಕಾಯಬೇಕು.
ಮತ್ತೆ ಊದಬೇಕು. ನಿಯಮ.
ನಲ್ಲಿಯ ಕೆಳಗೆ ಬಗ್ಗಿ ಉಗುಳಿದ, ಉಗುಳಿದ,
ಮುಕ್ಕಳಿಸಿದರೆ ಇಪ್ಪತ್ತೆರಡು ವರ್ಷವೂ ಬಂದುಬಿಡುತ್ತೇನೋ ಅನ್ನುವಷ್ಟು.
ಒಬ್ಬ ಹುಡುಗ ಮೊಬೈಲು ಎತ್ತಿದ.
‘ಇಳಿಸು’ ಅಂದೆ.
ಇಳಿಸಿದ, ಆದರೆ ನಕ್ಕ.
ಹೊನ್ನಪ್ಪ ಬೆಂಚಿನ ಮೇಲೆ ಕೂತು
ತನ್ನ ಖಾಕಿಯ ಗುಂಡಿಗಳನ್ನು ಎಣಿಸಿದ.
ಅತ್ತ ಬಸ್‌ಸ್ಟ್ಯಾಂಡಿನಲ್ಲಿ ಐದೂ ಹತ್ತರ ಹಾಸನದ ಗಾಡಿಗೆ
ಕೋರ್ಟಿಗೆ ಹೊರಟವರು, ಆಸ್ಪತ್ರೆಯ ನರ್ಸುಗಳು
ಕುತ್ತಿಗೆ ಉದ್ದ ಮಾಡಿ ನಿಂತಿರುತ್ತಾರೆ.

ಎರಡನೇ ಸಲ ಅವನು ಊದಿದ್ದು
ಮಗುವಿಗೆ ಹಾಲು ಆರಿಸುವವನ ಹಾಗೆ.
ಯಂತ್ರಕ್ಕೆ ಸಾಲಲಿಲ್ಲ.
‘ಜೋರಾಗಿ ಊದಿ.’
ಊದಿದ.
ಸೊನ್ನೆ.

ಯಾರೂ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.
ರಿಜಿಸ್ಟರಿನಲ್ಲಿ ಹೊಡೆದು ಹಾಕುವ ಹಾಗಿಲ್ಲ;
ಮೂವತ್ತೊಂದು ಹಾಗೇ ಇದೆ, ಸೊನ್ನೆಗೆ ಭುಜ ತಾಗಿಸಿ.

ಅವನ ಹಿಂದೆ ಚಂದ್ರಹಾಸ.
ನಿನ್ನೆ ರಾತ್ರಿ ಹನ್ನೊಂದಕ್ಕೆ ಬೆಂಗಳೂರಿಂದ ಗಾಡಿ ತಂದವನನ್ನು
ಆಳು ಸಾಲದೆಂದು ಈಗ ಮತ್ತೆ ಹತ್ತಿಸುತ್ತಿದ್ದಾರೆ.
ಕಣ್ಣೆರಡೂ ಇಟ್ಟಿಗೆ ಗೂಡು.
ಪೀಪಿ ಕಚ್ಚಿಕೊಂಡೇ ಆಕಳಿಸಿದ.
ಆಕಳಿಕೆಗೂ ಸೊನ್ನೆ ಬಂತು.

ನಿದ್ದೆಗೆ ಇಲ್ಲಿ ಕಾಲಂ ಇಲ್ಲ.
ಡ್ಯೂಟಿ ಹಾಕಿದವರಿಗೆ ಪೀಪಿಯೂ ಇಲ್ಲ,
ಅವರು ಬರುವುದು ಹತ್ತು ಗಂಟೆಗೆ.
ನನ್ನ ಫ್ಲಾಸ್ಕಿನ ಚಹಾ ಅವನಿಗೆ ಬಗ್ಗಿಸಿದೆ.
ಸೊನ್ನೆ ಬರೆದೆ. ಪಕ್ಕದಲ್ಲಿ, ಪೆನ್ಸಿಲ್ಲಿನಲ್ಲಿ, ಸಣ್ಣಗೆ:
‘ಎರಡು ರಾತ್ರಿ ಮಲಗಿಲ್ಲ.’
ಯಾರು ಅಳಿಸುತ್ತಾರೋ ನೋಡೋಣ.

ಹಾಸನದ ಗಾಡಿ ಇಪ್ಪತ್ತು ನಿಮಿಷ ತಡ.
ಗೇಟು ದಾಟುವಾಗ ನನಗೊಂದು ಸಣ್ಣ ಹಾರ್ನು
ಹೊನ್ನಪ್ಪನ ದಿನದ ಪದ್ಧತಿ.
ಇವತ್ತು ಸುಮ್ಮನೆ ದಾಟಿದ.