ಮೂವತ್ತರ ತನಕ

ಗೊರಕೆ ಹೊಡೆಯುವವರದು ಒಳ್ಳೆಯ ನಿದ್ದೆ ಅಂತ ಯಾರು ಹೇಳಿದರೋ,
ಅವರು ಇವರ ಪಕ್ಕ ಮಲಗಿದವರಲ್ಲ.

ವುಲ್ವರ್‌ಹ್ಯಾಂಪ್ಟನ್ನಿನ ಈ ಸಾಲುಮನೆಗಳ ಗೋಡೆ ತೆಳು.
ಆಚೆಮನೆಯ ಮಿಸೆಸ್ ಪ್ರಿಚರ್ಡ್ ಚಪ್ಪಲಿಯಿಂದ ಗೋಡೆ ಬಡಿಯುತ್ತಿದ್ದಳು.
ನನಗೆ ಗೊರಕೆಯ ಭಯವಿರಲಿಲ್ಲ.
ಅದು ನಿಲ್ಲುತ್ತಿತ್ತಲ್ಲ, ಅದರ ಭಯ.
ನಡುಮರದಲ್ಲಿ ಗರಗಸ ಸಿಕ್ಕಿಕೊಂಡ ಹಾಗೆ
ಎದೆ ಏಳುತ್ತದೆ, ಬೀಳುತ್ತದೆ, ಗಾಳಿ ಮಾತ್ರ ಹೋಗುತ್ತಿಲ್ಲ.
ಆಗ ಎಣಿಸುತ್ತಿದ್ದೆ.
ಹನ್ನೊಂದು. ಹತ್ತೊಂಬತ್ತು. ಇಪ್ಪತ್ತಾರು.
ಮೂವತ್ತಕ್ಕೆ ಮೊಣಕೈಯಿಂದ ತಿವಿತ.
ಮುಳುಗಿದವರು ಮೇಲೆ ಬಂದಂತೆ ಬುಸ್ಸೆಂದು ಎದ್ದು
'ಏನಾಯ್ತೇ?' ಅನ್ನುವರು,
ಉತ್ತರಕ್ಕೆ ಕಾಯದೆ ಮತ್ತೆ ಮುಳುಗುವರು.

ಕುಂಭಕರ್ಣ ಅಂತ ಮಕ್ಕಳು ನಗುತ್ತಿದ್ದವು.
ಯಾವ ಗುರುವೂ ಕಲಿಸದ ಕುಂಭಕ ಅದು, ರಾತ್ರಿಯಿಡೀ.

ಬೆಳಗಿನ ಐದಕ್ಕೆ ಬಸ್ಸು ಹೊರಡಿಸಬೇಕು.
ಬಿಲ್ಸ್ಟನ್ ರಸ್ತೆಯಲ್ಲಿ ಒಂದು ದಿನ
ಹಸಿರು ಬಂದು, ಹೋಗಿ, ಮತ್ತೆ ಬಂತಂತೆ.
ಮುದುಕಿಯೊಬ್ಬಳು ನಾಣ್ಯದಿಂದ ಗಾಜು ತಟ್ಟಿದಳಂತೆ.
ನಾಲ್ಕು ದಿನದ ಮೇಲೆ ಹೇಳಿದರು, ರೊಟ್ಟಿ ಮುರಿಯುತ್ತ,
ನನ್ನ ಮುಖ ನೋಡದೆ.

ಆಸ್ಪತ್ರೆಯಲ್ಲಿ ದರ್ಜಿಯಂತೆ ಟೇಪು ಹಿಡಿದು
'ಮಿಸ್ಟರ್ ಡರ್ಗಪಾ, ತಲೆ ಎತ್ತಿ' ಎಂದಳು ನರ್ಸು.
ದಾವಣಗೆರೆ ಗರಡಿಯಲ್ಲಿ ಬೆಳೆಸಿದ ಕೊರಳು,
ಮಣ್ಣಲ್ಲಿ ಯಾರಿಗೂ ಸಿಗದ ಕೊರಳು,
ಒಳಗೊಳಗೇ ತನ್ನನ್ನು ತಾನೇ ಅಮುಕಿ ಹಿಡಿದಿತ್ತು.
ಗಂಟೆಗೆ ನಲವತ್ತೊಂದು ಸಲ.
ಸರಿಹೋಗುವ ತನಕ ಸ್ಟೇರಿಂಗ್ ಮುಟ್ಟುವಂತಿಲ್ಲ.
ಡಿಪೋದಲ್ಲಿ ಕೂತು, ಜನ ಮರೆತುಹೋದ ಕೊಡೆಗಳಿಗೆ ಚೀಟಿ ಅಂಟಿಸಿದರು.
ಒಂಟಿ ಕೈಗವಸೇ ಹೆಚ್ಚಂತೆ.

ಮಾಸ್ಕು ಬಂತು, ಸೊಂಡಿಲಿನಂಥ ಕೊಳವೆ ಬಂತು.
ಮೊದಲ ವಾರ ಮೂರು ಸಲ ಕಿತ್ತೆಸೆದರು.
'ಸತ್ತರೆ ಸಾಯ್ತೀನಿ ಬಿಡು.'
'ಸಾಯೋರು ನೀವು, ಎಣಿಸೋಳು ನಾನು. ಹಾಕ್ಕೊಳ್ಳಿ.'
ಟೀವಿ ಮುಂದೆ ಹತ್ತು ನಿಮಿಷ, ಆಮೇಲೆ ಅರ್ಧ ತಾಸು,
ಎಚ್ಚರದಲ್ಲೇ ರೂಢಿ.
ಗಾಳಿ ಸೋರುತ್ತದೆಂದು ಮೀಸೆ ತೆಗೆದ ದಿನ
ಸಿಂಕಿನೊಳಗೆ ನೋಡುತ್ತ ಬಹಳ ಹೊತ್ತು ನಿಂತಿದ್ದರು.
ನಾನೇ ನಲ್ಲಿ ತಿರುಗಿಸಿದೆ.

ಈಗ ಭಾನುವಾರಕ್ಕೊಮ್ಮೆ ಕೊಳವೆ ತೊಳೆದು
ಬಚ್ಚಲಲ್ಲಿ ಜೋತು ಹಾಕುತ್ತೇನೆ.
ಕೆನ್ನೆಯ ಮೇಲೆ ಪಟ್ಟಿಯ ಗುರುತು ಹೊತ್ತು ಬಸ್ಸಿಗೆ ಹೋಗುತ್ತಾರೆ.
ಚಾಳಿ ಬಿಡದೆ ನಾನು ಎಣಿಸುತ್ತೇನೆ,
ಏಳು, ಎಂಟು,
ಒಂಬತ್ತು ಬಂದದ್ದು ನೆನಪಿಲ್ಲ.

ಮೊನ್ನೆ ಬಟ್ಟೆ ಹರವುವಾಗ ಬೇಲಿಯಾಚೆಯಿಂದ ಮಿಸೆಸ್ ಪ್ರಿಚರ್ಡ್:
'ಸದ್ದೇ ಇಲ್ಲ, ನಿನ್ನ ಗಂಡ ಊರಲ್ಲಿಲ್ಲವೇ?'
ಇದ್ದಾರೆ, ಎಂದೆ.
ಅವಳು ಒಳಗೆ ಹೋದ ಮೇಲೂ ಇನ್ನೊಂದು ಸಲ ಎಂದೆ.